ನಮ್ಮ ಮಕ್ಕಳ ಎರಡು ಸ್ವಾತಂತ್ರ್ಯ ದಿನಗಳು

1947ರ ಆಗಸ್ಟ್ 15 ಶುಕ್ರವಾರವಾಗಿತ್ತು. ಹಿಜರಿ ಗಣನೆಯಂತೆ ಅದು 1366ರ ರಮಝಾನ್ ಮಾಸದ 27ನೆಯ ದಿನ, ಆ ವರ್ಷದ ರಮಝಾನಿನ ಕೊನೆಯ ಜುಮುಅಃ. ಮೂರು ದಿನ ಕಳೆದು ಆಗಸ್ಟ್ 18ರಂದು ಈದುಲ್ ಫಿತ್ರ್ ಬಂದಿತು. ಹೀಗೆ ಭಾರತದ ಮುಸ್ಲಿಮರು ತಮ್ಮ ದೇಶದ ಸ್ವಾತಂತ್ರ್ಯವನ್ನು ಉಪವಾಸದ ಬಾಯಲ್ಲಿ, ದುಆಗಾಗಿ ಎತ್ತಿದ ಕೈಗಳಲ್ಲಿ ಬರಮಾಡಿಕೊಂಡರು. ಆದರೆ ನಮ್ಮ ಠಾಣಾ ಕುಶನೂರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ, ಬೀದರ್ ನಗರದಲ್ಲಿ ಆ ದಿನ ತ್ರಿವರ್ಣ ಧ್ವಜವನ್ನು ಏರಿಸುವುದು ಅಪರಾಧವಾಗಿತ್ತು. ಇಲ್ಲಿ ಹಾರುತ್ತಿದ್ದುದು ಆಸಫ್‌ಜಾಹಿ ಮನೆತನದ ಹಳದಿ ಬಾವುಟ. ಅದರ ನಡುವೆ ರೊಟ್ಟಿಯಂತೆ ದುಂಡಗಿನ ಒಂದು ಗುರುತು. ಅದನ್ನು ಜನರು ಕುಲ್ಚಾ ಎಂದೇ ಕರೆಯುತ್ತಿದ್ದರು.

1948ರ ಸೆಪ್ಟೆಂಬರ್ 17. ಅದೂ ಶುಕ್ರವಾರವೇ. ಝುಲ್‌ಕಅದ್ ಮಾಸ, ಕಾಳಗವನ್ನು ನಿಷೇಧಿಸಲಾದ ನಾಲ್ಕು ಪವಿತ್ರ ಮಾಸಗಳಲ್ಲಿ ಒಂದು. ಅಂದು ಸಂಜೆ ನಿಝಾಮ್ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮವನ್ನು ಸಾರಿದನು. ಮರುದಿನ ಅವನ ಸೇನಾಪತಿ ಅಲ್ ಇದ್ರೂಸ್ ಭಾರತೀಯ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದನು. ಎರಡು ಶುಕ್ರವಾರಗಳ ನಡುವೆ ಹದಿಮೂರು ತಿಂಗಳು. ದೇಶದ ಉಳಿದ ಮಕ್ಕಳಿಗೆ ಒಂದು ಸ್ವಾತಂತ್ರ್ಯ ದಿನವಿದ್ದರೆ ನಮ್ಮ ಸೀಮೆಯ ಮಕ್ಕಳಿಗೆ ಎರಡು ಇರುವುದಕ್ಕೆ ಈ ಹದಿಮೂರು ತಿಂಗಳುಗಳೇ ಕಾರಣ.

ನಮ್ಮಲ್ಲಿ ಕಲಿಯಲು ಬರುವ ಹುಡುಗನೊಬ್ಬ ಒಂದು ದಿನ ಕೇಳಿದ ಮಾತಿನಿಂದ ಈ ಲೇಖನ ಹುಟ್ಟಿತು. "ಹಜರತ್, ಆಗಸ್ಟಿನಾಗ ಒಮ್ಮೆ ಜಂಡಾ ಏರಿಸ್ತೀವಿ. ಮತ್ತ ಸೆಪ್ಟೆಂಬರಿನಾಗ ಯಾಕ ಏರಿಸ್ತಾರ? ಆವತ್ತು ನಾ ಪಟಾಕಿ ಹಚ್ಚಿದ್ರ ಅಬ್ಬಾನ ದಾದಿ ಸಿಟ್ಟಾಗ್ತಾಳ." ಮೊದಲ ಪ್ರಶ್ನೆಗೆ ಉತ್ತರ ಶಾಲೆಯ ಪುಸ್ತಕದಲ್ಲಿ ಸಿಗಬಹುದು. ಎರಡನೆಯದಕ್ಕೆ ಸಿಗುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿಯೂ ಸಿಗುವುದಿಲ್ಲ. ಏಕೆಂದರೆ ಆಗಸ್ಟ್ 15ರಂದು ಮಕ್ಕಳಿಗೆ ಬಿಳಿಯ ಅಂಗಿ ತೊಡಿಸಿ, ಎದೆಗೆ ಪುಟ್ಟ ಬಾವುಟ ಚುಚ್ಚಿ, ಪ್ರಭಾತ ಫೇರಿಗೆ ಕಳುಹಿಸುವ ತಂದೆತಾಯಂದಿರೇ ಸೆಪ್ಟೆಂಬರ್ 17ರಂದು ಮೌನವಾಗುತ್ತಾರೆ. ಹೊರಗೆ ಪಟಾಕಿಯ ಸದ್ದು ಕೇಳಿದರೆ ಬಾಗಿಲು ಮುಂದೆ ಮಾಡುತ್ತಾರೆ. ಮಕ್ಕಳು ಮೌನವನ್ನೂ ಪಾಠವೆಂದೇ ಓದುತ್ತಾರೆ. ಆ ಪಾಠ ಅವರಿಗೆ ಏನನ್ನು ಕಲಿಸುತ್ತಿದೆ ಎಂಬುದೇ ನಮ್ಮ ಚಿಂತೆ.

ಮೊದಲು ಆ ಹದಿಮೂರು ತಿಂಗಳುಗಳ ಸಂಗತಿಯನ್ನು ಹೇಳಿಬಿಡೋಣ.

ಹೈದರಾಬಾದ್ ಸಂಸ್ಥಾನವು ಸುಮಾರು 82 ಸಾವಿರ ಚದರ ಮೈಲಿಗಳ ವಿಸ್ತಾರವುಳ್ಳ, 16 ಜಿಲ್ಲೆಗಳ ರಾಜ್ಯವಾಗಿತ್ತು. ತೆಲುಗು, ಮರಾಠಿ, ಕನ್ನಡ ಮೂರೂ ನುಡಿಗಳ ನಾಡು. ದರ್ಬಾರಿನ ಭಾಷೆ ಉರ್ದು. ಬೀದರ್, ಗುಲ್ಬರ್ಗ, ರಾಯಚೂರು ಕನ್ನಡದ ಜಿಲ್ಲೆಗಳು. ಅಂದಿನ ಬೀದರ್ ಜಿಲ್ಲೆ ಇಂದಿಗಿಂತ ದೊಡ್ಡದು. ಉದಗೀರ್, ನಿಲಂಗಾ, ಅಹಮದ್‌ಪುರ ಇವೆಲ್ಲ ಅದರೊಳಗೇ ಇದ್ದವು. 1956ರಲ್ಲಿ ಭಾಷೆಯ ಆಧಾರದಲ್ಲಿ ಗಡಿ ಬರೆದಾಗ ಅವು ಆಚೆಗೆ ಹೋದವು, ನಾವು ಈಚೆಗೆ ಉಳಿದೆವು. ಇಂದಿಗೂ ಕುಶನೂರಿನ ಸಂತೆಯಲ್ಲಿ ಒಂದೇ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೆರೆತಿರುವುದನ್ನು ಕೇಳಬಹುದು.

ಪ್ರಜೆಗಳಲ್ಲಿ ಮುಸ್ಲಿಮರು ನೂರಕ್ಕೆ ಹದಿಮೂರರಷ್ಟಿದ್ದರು. ಅವರಲ್ಲಿ ಜಾಗೀರುದಾರರೂ ಹುದ್ದೆದಾರರೂ ಬೆರಳೆಣಿಕೆಯವರು. ಉಳಿದವರು ನೇಕಾರರು, ಪಿಂಜಾರರು, ಕಸಾಯಿಗಳು, ಟಾಂಗಾ ಹೊಡೆಯುವವರು, ಬೇರೆಯವರ ಹೊಲದಲ್ಲಿ ದುಡಿಯುವವರು. ಇದನ್ನು ಒತ್ತಿ ಹೇಳಲು ಕಾರಣವಿದೆ. ರಾಜನು ಮುಸ್ಲಿಮನಾಗಿದ್ದನೆಂಬ ಮಾತ್ರಕ್ಕೆ ರಾಜ್ಯವು ಮುಸ್ಲಿಮರದ್ದಾಗಿತ್ತು ಎಂಬ ಭ್ರಮೆ ಅಂದು ನಮ್ಮವರಲ್ಲಿಯೂ ಇತ್ತು, ಇತರರಲ್ಲಿಯೂ ಇತ್ತು. ಆ ಭ್ರಮೆಯ ಬೆಲೆಯನ್ನು ತೆತ್ತವರು ಅರಮನೆಯವರಲ್ಲ.

1947ರ ಜೂನ್‌ನಲ್ಲಿಯೇ ನಿಝಾಮನು ತಾನು ಯಾವ ದೇಶಕ್ಕೂ ಸೇರದೆ ಸ್ವತಂತ್ರನಾಗಿರುವೆನೆಂದು ಫರ್ಮಾನು ಹೊರಡಿಸಿದ್ದನು. ಆಗಸ್ಟ್ 15ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಬಂಧಿಸಲಾಯಿತು. ಅವರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಝಾಮನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದ ಕಾಗದದಲ್ಲಿತ್ತು, ಹಳ್ಳಿಗಳಲ್ಲಿ ರಝಾಕಾರರಿದ್ದರು. ಲಾತೂರಿನ ವಕೀಲನಾಗಿದ್ದ ಖಾಸಿಂ ರಝ್ವಿ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಚುಕ್ಕಾಣಿ ಹಿಡಿದ ಮೇಲೆ ಈ ಸ್ವಯಂಸೇವಕರ ದಂಡು ಊರೂರಿಗೂ ಹಬ್ಬಿತು. ಸುಲಿಗೆ, ಮನೆಗಳಿಗೆ ಬೆಂಕಿ, ಕೊಲೆ, ಹೆಣ್ಣುಮಕ್ಕಳ ಮಾನಭಂಗ ಇವೆಲ್ಲ ನಡೆದವು. ನಮ್ಮ ಜಿಲ್ಲೆಯ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಿನಲ್ಲಿ ಇನ್ನೂರರಷ್ಟು ಜನರನ್ನು ಕೊಲ್ಲಲಾಯಿತೆಂದು ಹೇಳುತ್ತಾರೆ. ಅಲ್ಲಿ ಇಂದು ಹುತಾತ್ಮರ ಸ್ಮಾರಕವಿದೆ.

ಇದನ್ನು ನಾವು ನಮ್ಮ ಮಕ್ಕಳಿಗೆ ಹೇಳಬೇಕು. "ಅವರು ನಮ್ಮವರಲ್ಲ" ಎಂದು ನುಣುಚಿಕೊಳ್ಳುವುದು ಬೇಡ. ಅವರು ನಮ್ಮ ಕಲಿಮಾವನ್ನೇ ಓದುತ್ತಿದ್ದರು, ನಮ್ಮ ದೀನಿನ ಹೆಸರನ್ನೇ ಹೇಳಿಕೊಂಡು ಹೊರಟಿದ್ದರು. ಅಲ್ಲಾಹನು ನ್ಯಾಯದ ಸಾಕ್ಷಿ ನುಡಿಯುವಾಗ ಸ್ವಂತ ಬಂಧುಗಳ ವಿರುದ್ಧವಾದರೂ ಸರಿಯೆ ಸತ್ಯವನ್ನೇ ನುಡಿಯಬೇಕೆಂದು ನಮಗೆ ಆಜ್ಞಾಪಿಸಿದ್ದಾನೆ. ಸೂರಃ ನಿಸಾವನ್ನು ಓದುವ ನಾಲಗೆಗೆ ಗೋರಟಾದ ಹೆಸರು ಭಾರವಾಗಬಾರದು.

ಆದರೆ ಅದೇ ದಿನಗಳಲ್ಲಿ ಅದೇ ಕಲಿಮಾವನ್ನು ಓದುತ್ತಿದ್ದ ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಹೈದರಾಬಾದಿನಲ್ಲಿ 'ಇಮ್ರೋಝ್' ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಶುಐಬುಲ್ಲಾ ಖಾನ್, ಸಂಸ್ಥಾನವು ಭಾರತದಲ್ಲಿ ಸೇರಬೇಕು, ರಝಾಕಾರರ ದಂಡನ್ನು ವಿಸರ್ಜಿಸಬೇಕು ಎಂದು ಬರೆಯುತ್ತಿದ್ದರು. ಅದೇ ಅಭಿಪ್ರಾಯದ ಕೆಲವು ಮುಸ್ಲಿಂ ಗಣ್ಯರ ಹೇಳಿಕೆಯನ್ನು ಅವರು 1948ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಬೆದರಿಕೆಗಳು ಬಂದವು. ಲೇಖನಿಯನ್ನು ಕೆಳಗಿಡಲಿಲ್ಲ. ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಮರಳುತ್ತಿದ್ದಾಗ ಅವರನ್ನು ದಾರಿಯಲ್ಲಿ ಅಡ್ಡಗಟ್ಟಿ ಗುಂಡು ಹಾರಿಸಿ, ಬರೆಯುವ ಕೈಯನ್ನು ಕತ್ತರಿಸಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಭಾರತೀಯ ಸೇನೆ ಗಡಿ ದಾಟಿದ್ದು ಅದಾದ ಮೂರು ವಾರಗಳ ಮೇಲೆ. ಸೆಪ್ಟೆಂಬರ್ 17ನ್ನು ಯಾರ ರಕ್ತದಿಂದ ಬರೆಯಲಾಯಿತು ಎಂದು ಯಾರಾದರೂ ಲೆಕ್ಕ ಹಾಕುವಾಗ ಈ ಮುಸಲ್ಮಾನನ ಕೈಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಮದ್ರಸಗಳ ಗೋಡೆಗಳ ಮೇಲೆ ಅವರ ಹೆಸರು ಏಕಿಲ್ಲವೆಂದು ನಮಗೆ ನಾವೇ ಕೇಳಿಕೊಳ್ಳುತ್ತೇವೆ, ಉತ್ತರ ಹೊಳೆಯುವುದಿಲ್ಲ.

ಸೆಪ್ಟೆಂಬರ್ 13ರಂದು ಆರಂಭವಾದ ಸೈನಿಕ ಕಾರ್ಯಾಚರಣೆಯು ಐದು ದಿನಗಳೊಳಗೆ ಮುಗಿಯಿತು. ಸರ್ಕಾರ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು. ನಮ್ಮ ಹಿರಿಯರು ಕರೆದದ್ದು 'ಗಡಬಡ್' ಎಂದು. ಎರಡು ಹೆಸರುಗಳ ಅರ್ಥವೂ ಬೇರೆ, ಕಾಲವೂ ಬೇರೆ. ಸರ್ಕಾರದ ಹೆಸರು ಐದು ದಿನಗಳದ್ದು. ಹಿರಿಯರ ಹೆಸರು ಅದರ ನಂತರದ ದಿನಗಳದ್ದು.

ಆ ನಂತರದ ದಿನಗಳ ಸಂಗತಿಯನ್ನು ಅರಿಯಲು ಪ್ರಧಾನಿ ಜವಾಹರಲಾಲ್ ನೆಹರೂ ಒಂದು ಸೌಹಾರ್ದ ನಿಯೋಗವನ್ನು ಕಳುಹಿಸಿದರು. ಪಂಡಿತ ಸುಂದರಲಾಲ್, ಖಾಝಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9 ಜಿಲ್ಲೆಗಳಲ್ಲಿ ಸಂಚರಿಸಿ, ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಮಾತನ್ನೂ ಆಲಿಸಿದರು. ಅವರು ಸರ್ಕಾರಕ್ಕೆ ಸಲ್ಲಿಸಿದ ವರದಿ ದಶಕಗಳವರೆಗೆ ಬೆಳಕು ಕಾಣಲಿಲ್ಲ. 2013ರ ವೇಳೆಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರು ಅದನ್ನು ನೋಡುವಂತಾಯಿತು. ಅದರ ಪ್ರಕಾರ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸತ್ತವರ ಸಂಖ್ಯೆ, ಅತ್ಯಂತ ಕಡಿಮೆಯಾಗಿ ಅಂದಾಜಿಸಿದರೂ, 27 ಸಾವಿರದಿಂದ 40 ಸಾವಿರ. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್ ಮತ್ತು ನಾಂದೇಡ್. ಈ ನಾಲ್ಕರಲ್ಲಿಯೇ ಹದಿನೆಂಟು ಸಾವಿರಕ್ಕೆ ಕಡಿಮೆಯಿಲ್ಲ. ಸತ್ತವರು ಬಹುತೇಕ ಮುಸ್ಲಿಮರು. ಕೆಲವೆಡೆ ಸೇನೆಯ ಮತ್ತು ಸ್ಥಳೀಯ ಪೊಲೀಸರ ಜನರೂ ಲೂಟಿಯಲ್ಲಿ, ಇತರ ಅಪರಾಧಗಳಲ್ಲಿ ಪಾಲ್ಗೊಂಡರೆಂಬುದಕ್ಕೆ ಅಲ್ಲಗಳೆಯಲಾಗದ ಸಾಕ್ಷ್ಯ ತಮಗೆ ದೊರೆಯಿತೆಂದು ವರದಿಯು ಹೇಳುತ್ತದೆ. ರಝಾಕಾರರ ದುಷ್ಕೃತ್ಯಗಳನ್ನೂ ಅದು ಮುಚ್ಚಿಟ್ಟಿಲ್ಲ.

ಮುಂಗಾರಿನ ಹೆಸರು, ಉದ್ದು ಮನೆಗೆ ಬರುವ ಕಾಲ ಅದು. ಜೋಳ ಆಳೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಆ ಜೋಳದ ಹೊಲಗಳಲ್ಲಿ ರಾತ್ರಿಗಳನ್ನು ಕಳೆದವರ ಮಾತುಗಳನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಅವರು ಹೇಳುತ್ತಿದ್ದುದು ಸ್ವಲ್ಪ. ಅರ್ಧಕ್ಕೆ ನಿಲ್ಲಿಸಿ, "ಜಾನೇ ದೋ" ಎಂದು ತಸ್ಬೀಹ್ ಎತ್ತಿಕೊಳ್ಳುತ್ತಿದ್ದುದೇ ಹೆಚ್ಚು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸದೆ ಮುಂದೆ ಹೋಗಲಾಗದು. ಯಾರ ಹಟದಿಂದ ಇದೆಲ್ಲ ನಡೆಯಿತೋ ಆ ನಿಝಾಮನು 1950ರ ಜನವರಿ 26ರಂದು ಹೈದರಾಬಾದ್ ರಾಜ್ಯದ ರಾಜಪ್ರಮುಖನಾದನು. 1956ರವರೆಗೂ ಆ ಪದವಿಯಲ್ಲಿದ್ದನು. ಖಾಸಿಂ ರಝ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದನು. ಊರು ಬಿಡದೆ ಇಲ್ಲಿಯೇ ಉಳಿದವರು ನೇಕಾರರು, ಪಿಂಜಾರರು, ಟಾಂಗಾದವರು. ಅವರ ಮೊಮ್ಮಕ್ಕಳೇ ನಾವು.

ಸುಂದರಲಾಲ್ ವರದಿಯಲ್ಲಿ ಇನ್ನೊಂದು ಭಾಗವಿದೆ. ಅದನ್ನು ಉಲ್ಲೇಖಿಸುವವರು ಕಡಿಮೆ. ಅನೇಕ ಕಡೆ ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣವೊಡ್ಡಿ ಕಾಪಾಡಿದರೆಂದು ಅದು ದಾಖಲಿಸಿದೆ. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ವಿಶೇಷವಾಗಿ ಕಂಡಿತಂತೆ: ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತು ತಾವೂ ಜೀವ ತೆತ್ತರು. ಅಪಹೃತರಾದ ಹೆಣ್ಣುಮಕ್ಕಳನ್ನು ಮರಳಿ ತರಲು ನೆರವಾದ ಹಿಂದೂಗಳೂ ಅನೇಕರು. ನೇಕಾರನಿಗೆ ನೇಕಾರನ ಮನೆಯ ಮಗ್ಗ ಗೊತ್ತು, ಅವನ ಸಾಲ ಗೊತ್ತು, ಅವನ ಮಗಳ ಮದುವೆ ಯಾವಾಗ ಎಂಬುದು ಗೊತ್ತು. ಅಂಥವನನ್ನು 'ಅವರು' ಎಂದು ಕಾಣುವುದು ಕಷ್ಟವೆಂದು ನಮಗೆ ತೋರುತ್ತದೆ.

ಈಗ ಪ್ರಶ್ನೆ: ಇಷ್ಟೆಲ್ಲ ಇರುವ ಒಂದು ದಿನವನ್ನು ಮಕ್ಕಳ ಕೈಗೆ ಹೇಗೆ ಕೊಡುವುದು? ಈ ಪ್ರಶ್ನೆ ನಮಗೆ ಹೊಸದಲ್ಲ. ಮದೀನಾದಲ್ಲಿ ಇದು ಒಮ್ಮೆ ಎದ್ದಿತ್ತು.

ಹಿಜ್ರತ್‌ಗೆ ಕೆಲವು ವರ್ಷ ಮೊದಲು ಮದೀನಾದ ಔಸ್ ಮತ್ತು ಖಝ್‌ರಜ್ ಎಂಬ ಎರಡು ಬುಡಕಟ್ಟುಗಳ ನಡುವೆ ಬುಆಸ್ ಎಂಬಲ್ಲಿ ಭೀಕರ ಕಾಳಗ ನಡೆದಿತ್ತು. ಎರಡೂ ಕಡೆಯ ಮುಖಂಡರು ಬಹುತೇಕ ಅಳಿದುಹೋದರು. ಒಂದೇ ಊರಿನ, ಒಂದೇ ಮೂಲದ ಜನರು. ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಈ ಗಾಯ ಹಸಿಯಾಗಿತ್ತು. ಆ ಮೇಲಿನ ಎರಡು ಘಟನೆಗಳು ನಮ್ಮ ಗ್ರಂಥಗಳಲ್ಲಿವೆ.

ಒಂದು ಈದ್‌ನ ದಿನದ್ದು. ಆಯಿಷಾ(ರ)ರ ಮನೆಯಲ್ಲಿ ಅನ್ಸಾರರ ಇಬ್ಬರು ಬಾಲಕಿಯರು ಬುಆಸ್ ಕಾಳಗದ ಹಾಡುಗಳನ್ನು ಹಾಡುತ್ತಿದ್ದರು. ಪ್ರವಾದಿ(ಸ) ಮುಖವನ್ನು ಇನ್ನೊಂದೆಡೆ ಮಾಡಿ ಮಲಗಿದ್ದರು. ಒಳಗೆ ಬಂದ ಅಬೂಬಕರ್(ರ) ಗದರಿಸಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಪ್ರತಿಯೊಂದು ಜನಾಂಗಕ್ಕೂ ಹಬ್ಬವಿರುತ್ತದೆ, ಇದು ನಮ್ಮ ಹಬ್ಬ, ಆ ಮಕ್ಕಳನ್ನು ಬಿಟ್ಟುಬಿಡಿ ಎಂಬರ್ಥದಲ್ಲಿ ನುಡಿದರು. ಬುಖಾರಿಯಲ್ಲಿ ಬಂದಿರುವ ಈ ಹದೀಸನ್ನು ಉಲಮಾಗಳು ಸಾಮಾನ್ಯವಾಗಿ ಹಾಡಿನ ವಿಧಿನಿಷೇಧದ ಚರ್ಚೆಗೆ ಬಳಸುತ್ತಾರೆ. ಹಾಡಿನ ವಸ್ತುವಿನ ಕಡೆಗೆ ನಮ್ಮ ಗಮನ ಹೋಗುವುದಿಲ್ಲ. ಆ ಮಕ್ಕಳ ಮನೆಯವರೇ ಸತ್ತಿದ್ದ, ಕೊಂದಿದ್ದ ಕಾಳಗವದು. ಅದು ಈಗ ಹಬ್ಬದ ದಿನ ಎಳೆಯ ಬಾಯಲ್ಲಿ ಹಾಡಾಗಿತ್ತು.

ಇನ್ನೊಂದು ಘಟನೆ ಇಬ್ನು ಇಸ್‌ಹಾಕರ ಸೀರತ್ ಗ್ರಂಥದಲ್ಲಿದೆ. ಔಸ್, ಖಝ್‌ರಜ್‌ನವರು ಒಟ್ಟಿಗೆ ಕುಳಿತು ಪ್ರೀತಿಯಿಂದ ಮಾತನಾಡುತ್ತಿದ್ದುದನ್ನು ಕಂಡು ಶಾಸ್ ಬಿನ್ ಕೈಸ್ ಎಂಬ ವೃದ್ಧನ ಎದೆ ಉರಿಯಿತು. ಅವನು ಒಬ್ಬ ಯುವಕನನ್ನು ಅವರ ನಡುವೆ ಕಳುಹಿಸಿ ಬುಆಸ್ ಕಾಳಗದ ಕವನಗಳನ್ನು ಓದಿಸಿದನು. ಕ್ಷಣಗಳಲ್ಲಿ ಮಾತು ಬೆಳೆದು ಎರಡೂ ಕಡೆಯವರು ಆಯುಧಗಳನ್ನು ಕೂಗಿ ಬಯಲಿಗೆ ಹೊರಟರು. ಪ್ರವಾದಿ(ಸ) ಧಾವಿಸಿ ಬಂದು, ನಾನು ನಿಮ್ಮ ನಡುವೆ ಇರುವಾಗಲೇ ಅಜ್ಞಾನಕಾಲದ ಕರೆಗೆ ಓಗೊಡುವಿರಾ ಎಂದು ಕೇಳಿದಾಗ ಅವರು ಅತ್ತು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಕಾಳಗ ಒಂದೇ, ಕವನಗಳೂ ಆ ಕಾಳಗದವೇ. ಮೊದಲನೆಯದನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲ. ಎರಡನೆಯದನ್ನು ತಡೆಯಲು ಓಡಿ ಬಂದರು. ಬುಆಸನ್ನು ಮರೆಯಿರಿ, ಇನ್ನು ಮುಂದೆ ಅದರ ಹೆಸರೆತ್ತಬೇಡಿರಿ ಎಂದು ಅವರು ಎಲ್ಲಿಯೂ ಆಜ್ಞಾಪಿಸಿದಂತೆ ನಾವು ಓದಿಲ್ಲ.

ಸೆಪ್ಟೆಂಬರ್ 17ರ ಸುತ್ತ ಇಂದು ನಡೆಯುತ್ತಿರುವ ಮಾತುಗಳನ್ನು ಈ ಎರಡು ಘಟನೆಗಳ ನಡುವೆ ಇಟ್ಟು ನೋಡಿರಿ. ಆ ದಿನಕ್ಕಿರುವ ಹೆಸರುಗಳೇ ಎಷ್ಟು! ನಮ್ಮ ಸರ್ಕಾರ 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟ ಮೇಲೆ ಅದು ಕಲ್ಯಾಣ ಕರ್ನಾಟಕ ಉತ್ಸವ. ಅದಕ್ಕೆ ಮೊದಲು ವಿಮೋಚನಾ ದಿನ. ಗಡಿಯಾಚೆ ಉದಗೀರಿನಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ವಿಮೋಚನೆ ಯಾರಿಂದ ಎಂಬ ಪ್ರಶ್ನೆ ಬಂದಾಗ, ದರ್ಬಾರಿನ ಆಡಳಿತದಿಂದ ಎಂದು ಒಬ್ಬರು ಉತ್ತರಿಸಿದರೆ, ಮುಸಲ್ಮಾನರಿಂದ ಎಂದು ಇನ್ನೊಬ್ಬರು ಗಂಟಲೇರಿಸಿ ಹೇಳುತ್ತಾರೆ. ಎರಡನೆಯವನು ಶಾಸ್ ಬಿನ್ ಕೈಸನ ಶಿಷ್ಯ. ಅವನ ಮಾತಿಗೆ ಹೆದರಿ ಒಳಗೆ ಕುಳಿತರೆ ಆ ದಿನವನ್ನು ನಾವೇ ಅವನ ಕೈಗೆ ಬರೆದುಕೊಟ್ಟಂತೆ. ನಮ್ಮಲ್ಲಿಯೂ ಇನ್ನೊಂದು ಬಗೆಯ ಶಾಸ್‌ಗಳಿದ್ದಾರೆ. ನಿಝಾಮನ ಕಾಲದಲ್ಲಿ ನಾವು ಅರಸರಾಗಿದ್ದೆವು ಎಂದು ಹುಡುಗರ ಕಿವಿಯಲ್ಲಿ ಊದುವವರು. ಅರಸರಾಗಿದ್ದ ಪಿಂಜಾರರನ್ನು ನಾವಂತೂ ಕಾಣೆವು.

ಪಟಾಕಿಯ ವಿಷಯಕ್ಕೆ ಬರೋಣ. ಹುಡುಗನ ಆಸಕ್ತಿ ಇದ್ದುದು ಅಲ್ಲಿಯೇ.

ಬಾಣಬಿರುಸು ನಮ್ಮ ದಖ್ಖನಿಗೆ ಹೊಸತಲ್ಲ. 1443ರಲ್ಲಿ ಹೆರಾತಿನ ಶಾಹ್‌ರುಖ್‌ನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ರಝಾಕ್ ಅಲ್ಲಿಯ ಮಹಾನವಮಿಯಲ್ಲಿ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಷಾಹನು ದಖ್ಖನಿ ಉರ್ದುವಿನಲ್ಲಿ ಶಬೇ ಬರಾಅತ್‌ನ ಕುರಿತು ಕವಿತೆಗಳನ್ನೇ ರಚಿಸಿದ್ದಾನೆ. ಶಬೇ ಬರಾಅತ್‌ನ ರಾತ್ರಿ ಆತಿಶ್‌ಬಾಝಿ ಮಾಡುವ ಪದ್ಧತಿ ನಮ್ಮ ಊರುಗಳಲ್ಲಿ ಬಹಳ ಕಾಲ ಇತ್ತು. ಉಲಮಾಗಳು ಅದನ್ನು ಖಂಡಿಸುತ್ತಲೇ ಬಂದರು. ಕಾರಣಗಳು ಸ್ಪಷ್ಟ: ಇಬಾದತ್‌ನ ರಾತ್ರಿಗೆ ಅದು ಹೊಂದುವುದಿಲ್ಲ, ಹಣ ಸುಟ್ಟು ಬೂದಿಯಾಗುತ್ತದೆ, ನೆರೆಯವರಿಗೆ, ರೋಗಿಗಳಿಗೆ, ಹಸುಗೂಸುಗಳಿಗೆ ತೊಂದರೆ. ದುಂದುಗಾರರನ್ನು ಶೈತಾನನ ಸಹೋದರರೆಂದ ಸೂರಃ ಬನೀ ಇಸ್ರಾಈಲ್‌ನ ಸೂಕ್ತವನ್ನು ಅವರು ಓದಿ ತೋರಿಸುತ್ತಿದ್ದರು. ಈ ಕಾರಣಗಳಲ್ಲಿ ಮೊದಲನೆಯದು ಆಗಸ್ಟ್ 15ಕ್ಕೆ ಅನ್ವಯಿಸುವುದಿಲ್ಲ. ಅದು ಇಬಾದತ್ ಅಲ್ಲ, ಈದೂ ಅಲ್ಲ, ನಾಡಿನ ಒಂದು ದಿನ. ಆದುದರಿಂದ ಬಿದ್‌ಅತ್‌ನ ಚರ್ಚೆ ಇಲ್ಲಿ ಏಳುವುದಿಲ್ಲವೆಂಬುದು ನಮ್ಮ ತಿಳಿವಳಿಕೆ. ಉಳಿದೆರಡು ಕಾರಣಗಳು ಎಲ್ಲ ದಿನಗಳಿಗೂ ಅನ್ವಯಿಸುತ್ತವೆ.

ಮದ್ದಿನ ಪುಡಿ ಏನು ಮಾಡಬಲ್ಲದೆಂದು ನೋಡಬೇಕಾದರೆ ನಮ್ಮವರು ದೂರ ಹೋಗಬೇಕಿಲ್ಲ. ಬೀದರಿನ ಮಹ್ಮೂದ್ ಗಾವಾನರ ಮದ್ರಸಾದ ಮುಂದೆ ನಿಂತರೆ ಸಾಕು. ಇರಾನಿನ ಗೀಲಾನಿನಿಂದ ಬಂದು ಬಹಮನಿಗಳ ಮಂತ್ರಿಯಾದ ಆ ಪುಣ್ಯಾತ್ಮರು 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯ. ಅಲ್ಲಿನ ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಪ್ರತೀತಿ. ಗಾವಾನರನ್ನು 1481ರಲ್ಲಿ ಒಂದು ಕಳ್ಳ ಪತ್ರದ ಆಧಾರದ ಮೇಲೆ ಸುಲ್ತಾನನೇ ಕೊಲ್ಲಿಸಿದನು. ಕಟ್ಟಡ ಮಾತ್ರ ಉಳಿಯಿತು. ಬೀದರನ್ನು ಔರಂಗಝೇಬನು ಗೆದ್ದ ಮೇಲೆ ಅದರ ಕೋಣೆಗಳಲ್ಲಿ ಸಿಪಾಯಿಗಳು ತಂಗಿದರು, ಮದ್ದನ್ನು ತುಂಬಿಟ್ಟರು. 17ನೆಯ ಶತಮಾನದ ಕೊನೆಯಲ್ಲಿ ಸಿಡಿಲು ಬಡಿದು ಆ ಮದ್ದು ಸಿಡಿದು ಮುಂಭಾಗದ ಬಹುಪಾಲು ಕುಸಿಯಿತೆಂದು ಇತಿಹಾಸಕಾರರು ಬರೆಯುತ್ತಾರೆ. ಇಂದು ಒಂದು ಮಿನಾರು ನಿಂತಿದೆ, ಇನ್ನೊಂದರ ಬುಡ ಮಾತ್ರ ಇದೆ. ಮಕ್ಕಳನ್ನು ಕರೆದೊಯ್ದಾಗ ಅವರು ಮೊದಲು ಕೇಳುವುದು ಆ ಇನ್ನೊಂದು ಮಿನಾರಿನ ವಿಷಯವನ್ನೇ.

ಹಾಗೆಯೇ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹೊತ್ತಿ ಉರಿದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಬ್ಬದ ದಿನಗಳ ಕೂಲಿಗಾಗಿ ಬಂದಿದ್ದ ಯುವಕರೇ ಹೆಚ್ಚು. ಪಟಾಕಿಯ ಪೊಟ್ಟಣದ ಮೇಲೆ ಅವರ ಚಿತ್ರವಿರುವುದಿಲ್ಲ.

ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಮಕ್ಕಳ ಸಂತೋಷಕ್ಕೆ ಬೇಲಿ ಹಾಕಬೇಕೆಂದು ನಾವು ಬಯಸುವುದಿಲ್ಲ. ಅದೇ ಈದ್‌ನ ಸಂದರ್ಭದಲ್ಲಿ ಅಬಿಸೀನಿಯದವರು ಮಸೀದಿಯಲ್ಲಿ ಗುರಾಣಿ, ಈಟಿಗಳ ಆಟವಾಡುತ್ತಿದ್ದಾಗ ಪ್ರವಾದಿ(ಸ) ಆಯಿಷಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರಿಗೆ ಸಾಕೆನಿಸುವವರೆಗೂ ತೋರಿಸಿದರು. ಮಗು ಕೇಳಿದ್ದಕ್ಕೆಲ್ಲ "ಹರಾಮ್" ಎಂದು ಎರಗುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅದರ ಬದಲು ಲಾಡು ಹಂಚಲಿ, ಬೀದಿಗೆ ಕಾಗದದ ಪತಾಕೆ ಕಟ್ಟಲಿ, ಹಾಡಲಿ, ಓಡಲಿ. ಸಂಜೆ ಹಿರಿಯರ ಎದುರಿನಲ್ಲಿ ನಾಲ್ಕು ಫುಲ್‌ಝಡಿ ಹಚ್ಚಿದರೆ ಆಕಾಶ ಬೀಳುವುದಿಲ್ಲ. ಕಿವಿಗಡಚಿಕ್ಕುವ ಸರಪಟಾಕಿಗೆ ಮಾತ್ರ ನಮ್ಮ ಸಮ್ಮತಿಯಿಲ್ಲ.

ಮಕ್ಕಳು ಕೂಗುವ ಘೋಷಣೆಯ ಕಥೆಯನ್ನೂ ಅವರಿಗೆ ಹೇಳಿರಿ. 'ಜೈ ಹಿಂದ್' ಎಂಬ ಎರಡು ಪದಗಳನ್ನು ಜೋಡಿಸಿ ಕೊಟ್ಟವರು ನಮ್ಮ ಹೈದರಾಬಾದ್ ಸಂಸ್ಥಾನದವರೇ ಆದ ಆಬಿದ್ ಹಸನ್. ಜರ್ಮನಿಯಲ್ಲಿ ಇಂಜಿನಿಯರಿಂಗ್ ಓದಲು ಹೋಗಿದ್ದ ಅವರು ಓದನ್ನು ಬಿಟ್ಟು ನೇತಾಜಿ ಸುಭಾಷಚಂದ್ರ ಬೋಸರ ಜೊತೆ ಸೇರಿದರು. ಬೇರೆ ಬೇರೆ ಧರ್ಮಗಳ ಸೈನಿಕರಿಗೆ ಒಂದೇ ಅಭಿವಾದನ ಬೇಕಾದಾಗ ಈ ಮಾತು ಹುಟ್ಟಿತು. 1943ರಲ್ಲಿ ನೇತಾಜಿ ಜಲಾಂತರ್ಗಾಮಿಯಲ್ಲಿ ಜರ್ಮನಿಯಿಂದ ಹೊರಟಾಗ ಜೊತೆಗಿದ್ದ ಏಕೈಕ ಭಾರತೀಯ ಈ ಆಬಿದ್ ಹಸನರೇ. ಬಾವುಟದ ಕೇಸರಿಯ ಮೇಲಿನ ಅಭಿಮಾನದಿಂದ ತಮ್ಮ ಹೆಸರಿಗೆ 'ಸಫ್ರಾನಿ' ಎಂದು ಸೇರಿಸಿಕೊಂಡರು. ಅವರಿಗಿಂತ ಮೊದಲು, 1857ರ ಜುಲೈ 17ರಂದು ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ತುರ್ರೆಬಾಝ್ ಖಾನರೊಂದಿಗೆ ದಾಳಿ ಮಾಡಿ, ಅಂಡಮಾನಿಗೆ ಗಡೀಪಾರಾಗಿ, ಅಲ್ಲಿಯೇ ಮಣ್ಣಾದ ಮೌಲವಿ ಅಲಾವುದ್ದೀನರೂ ಇದ್ದಾರೆ. ಆ ದಾಳಿಯನ್ನು ಹತ್ತಿಕ್ಕಲು ನಿಝಾಮನ ಸರ್ಕಾರ ಇಂಗ್ಲಿಷರ ಪಕ್ಷ ಹಿ಼ಡಿದಿತ್ತು ಎಂಬುದನ್ನೂ ಮರೆಯದೆ ಹೇಳಿರಿ. ಅರಸನ ಮುಸಲ್ಮಾನಿಕೆಯೂ ಮೌಲವಿಯ ಮುಸಲ್ಮಾನಿಕೆಯೂ ಒಂದೇ ಆಗಿರಲಿಲ್ಲವೆಂದು ಆಗ ಮಕ್ಕಳೇ ತಿಳಿದುಕೊಳ್ಳುತ್ತಾರೆ.

ಆ ಹುಡುಗನಿಗೆ ನಾವು ಇಷ್ಟನ್ನೂ ಹೇಳಲಿಲ್ಲ. ಹತ್ತು ವರ್ಷದ ಮಗು. ಎರಡು ಶುಕ್ರವಾರಗಳ ಕಥೆ ಹೇಳಿದೆವು, ಶುಐಬುಲ್ಲಾ ಖಾನರ ಹೆಸರು ಬರೆಸಿದೆವು. ದಾದಿಯ ಸಿಟ್ಟಿನ ಕಾರಣವನ್ನು ಅವಳಿಂದಲೇ ಕೇಳಿ ಬಾ ಎಂದೆವು.

ಮರುದಿನ ಅವನು ಬಂದು ಹೇಳಿದ. ಗಡಬಡ್ ಆದಾಗ ಅವಳಿಗೆ ಆರು ವರ್ಷವಂತೆ. ಗೌಡರ ಮನೆಯ ಕಾಳಿನ ಕೋಣೆಯಲ್ಲಿ ತಾಯಿಯೊಂದಿಗೆ ನಾಲ್ಕು ರಾತ್ರಿ ಇದ್ದಳಂತೆ. ಗೌಡಶಾನಿ ಸೆರಗಿನೊಳಗೆ ರೊಟ್ಟಿ, ಪುಂಡಿಪಲ್ಯ ಅಡಗಿಸಿ ತಂದು ಕೊಡುತ್ತಿದ್ದಳಂತೆ. ಹೊರಗೆ ಗುಂಡಿನ ಸದ್ದಾದಾಗಲೆಲ್ಲ ತಾಯಿ ಅವಳ ಎರಡೂ ಕಿವಿಗಳನ್ನು ಒತ್ತಿ ಹಿಡಿಯುತ್ತಿದ್ದಳಂತೆ. ಅವಳಿಗೆ ಬಾವುಟದ ಮೇಲೆ ಸಿಟ್ಟಿಲ್ಲ. ಪಟಾಕಿ ಸಿಡಿದರೆ ಇಂದಿಗೂ ಕಿವಿ ನೋಯುತ್ತದೆ, ಅಷ್ಟೆ.

"ಹಜರತ್, ಅಕಿ ಏನಂದ್ಲು ಗೊತ್ತೇನ್ರಿ?" ಎಂದು ಹುಡುಗ ಕೊನೆಗೆ ಸೇರಿಸಿದ. "ಸಪ್ಪಳದ್ದು ಬ್ಯಾಡ. ಫುಲ್‌ಝಡಿ ಇದ್ರ ಹಚ್ಚು, ನಾನೂ ಹೊರಗ ಬಂದು ಕೂಡ್ತೀನಿ ಅಂದ್ಲು."